ಚೀಟಿ ರೋಗಿಯ ಕೈಯಲ್ಲಿರಲಿ

ಔಷಧದ ಚೀಟಿ ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ಮಿರಜದಲ್ಲಿ ವೈದ್ಯಕೀಯ ಓದುವಾಗ ಮೂಳೆಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಸಿದರು, ಹೃದಯವನ್ನು ಬಿಚ್ಚಿ ತೋರಿಸಿದರು. ಆದರೆ ನಾವು ಗೀಚಿಕೊಡುವ ಆ ಕಾಗದ ರೋಗಿಯ ಕೈಗೆ ಹೋದ ಮೇಲೆ ಅದರ ಗತಿ ಏನು ಎಂಬುದನ್ನು ಯಾವ ಪ್ರೊಫೆಸರೂ ಹೇಳಲಿಲ್ಲ. ಅದನ್ನು ನಾನು ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಕಲಿತೆ. ಕಲಿತದ್ದಕ್ಕಾಗಿ ಜಗಳವನ್ನೂ ಆಡಿದೆ. ನಿವೃತ್ತಿಯ ದಿನ ಮಾತಾಡಿದವರೊಬ್ಬರು ನನ್ನ ಶಾಂತ ಸ್ವಭಾವವನ್ನು ಬಹಳ ಹೊಗಳಿದರು. ಪಾಪ, ಬೇರೆ ಯಾರದೋ ಭಾಷಣ ಜೇಬಿಗೆ ಬಂದಿರಬೇಕು.

ಈಗ ಡಾಕ್ಟರಾಗಿ ಕೆಲಸಕ್ಕೆ ಸೇರುವವರು ಕೈಯಿಂದ ಚೀಟಿ ಬರೆಯುವುದು ಕಡಿಮೆ. ಔಷಧದ ಚೀಟಿಯನ್ನು ಕಂಪ್ಯೂಟರಿನಿಂದಲೇ ನೇರ ಅಂಗಡಿಗೆ ಕಳಿಸಬೇಕು ಎಂದು ಹೊರದೇಶಗಳ ಕೆಲವು ಕಡೆ ಕಾಯ್ದೆಯೇ ಇದೆ. ಇಲ್ಲಿಗೂ ಬಂದೀತು. ಬರಲಿ, ನಾನು ಅದರ ವೈರಿಯಲ್ಲ. ನಮ್ಮ ಆಸ್ಪತ್ರೆಗೆ ಅದು ಕಾಯ್ದೆಗಿಂತ ಮೊದಲೇ ಬಂತು. ಬಂದು ಏನು ಮಾಡಿತು, ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಉಮದಿಯವಳು. ಅಪ್ಪನದು ಕಾಳಿನ ವ್ಯಾಪಾರ. ಕನ್ನಡ ಸಾಲೆಯಲ್ಲಿ ಕಲಿತು, ಹೈಸ್ಕೂಲಿಗೆ ಮರಾಠಿಗೆ ಹೊರಳಿ, ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಒದ್ದಾಡಿ ಡಾಕ್ಟರಾದೆ. ಕೆಲಸ ಸಿಕ್ಕಿದ್ದು ನಮ್ಮದೇ ತಾಲೂಕಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ. ಅದರ ಹೆಸರು ಬೇಡ. ಅಲ್ಲಿ ಇನ್ನೂ ಒಳ್ಳೆಯ ಜನ ಕೆಲಸ ಮಾಡುತ್ತಿದ್ದಾರೆ. ಸುತ್ತಲಿನ ಹಳ್ಳಿಗಳಿಗೆ ನಾನೊಬ್ಬಳೇ ಹೆಂಗಸು ಡಾಕ್ಟರು. ಹಾಗಾಗಿ ಹೆಸರು ಹಿಡಿದು ಯಾರೂ ಕರೆಯಲಿಲ್ಲ, ಎಲ್ಲರಿಗೂ ‘ಡಾಕ್ಟರಬಾಯಿ’ಯಾದೆ.

ಆಸ್ಪತ್ರೆ ಕಟ್ಟಿದವರು ದೊಡ್ಡ ಡಾಕ್ಟರು. ಹೊಟ್ಟೆ ಮುಟ್ಟಿ ನೋಡಿಯೇ ಒಳಗೇನಿದೆ ಎಂದು ಹೇಳುವ ಕೈ ಅವರದು. ಅದೇ ಕೈ ಪೆನ್ನು ಹಿಡಿದರೆ ಮಾತ್ರ ದೇವರೇ ಗತಿ. ಅವರ ಅಕ್ಷರ ಓದಬಲ್ಲವನು ಇಡೀ ತಾಲೂಕಿನಲ್ಲಿ ಒಬ್ಬನೇ, ಬಸ್‌ಸ್ಟ್ಯಾಂಡಿನ ಎದುರು ಔಷಧದ ಅಂಗಡಿ ಇಟ್ಟಿದ್ದ ರಸೂಲ್‌ಸಾಬ. ‘ಓದೂದಿಲ್ರಿ ಬಾಯಾರ, ಅಂದಾಜ ಮಾಡ್ತೀನಿ. ಪೇಶಂಟಿನ ಮಾರಿ ನೋಡಿದ್ರ ಗೊತ್ತ ಆಗತೈತಿ’ ಎಂದು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಶೇಗಾಂವದ ಗುರುಪಾದ ಮಾಸ್ತರರು ದೊಡ್ಡ ಡಾಕ್ಟರ ಚೀಟಿ ಹಿಡಿದು ವಿಜಯಪುರಕ್ಕೆ ಹೋದರು. ಮಗಳ ಮನೆ ಅಲ್ಲಿತ್ತು, ಔಷಧವನ್ನೂ ಅಲ್ಲೇ ಕೊಂಡರು. ಚೀಟಿಯಲ್ಲಿ ಇದ್ದದ್ದು ಹೊಟ್ಟೆಯ ಉರಿಗೆ ಗುಳಿಗೆ. ಅಂಗಡಿಯವರಿಗೆ ಅದು ಸಕ್ಕರೆ ಕಾಯಿಲೆಯ ಗುಳಿಗೆಯಂತೆ ಕಂಡಿತು. ಸಕ್ಕರೆ ಕಾಯಿಲೆ ಇಲ್ಲದ ಮನುಷ್ಯ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಊರಿಗೆ ಮರಳುವಾಗ ಬಸ್ಸಿನಲ್ಲೇ ಬೆವತು ಕುಸಿದರು. ಕುಡಿದಿದ್ದಾರೆ ಎಂದುಕೊಂಡು ಕಂಡಕ್ಟರ್ ನಮ್ಮ ಆಸ್ಪತ್ರೆಯ ಮುಂದೆ ಇಳಿಸಿ ಹೋದ. ಜೀವನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ ಅವರು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು.

ಮಾಸ್ತರ ಜೇಬಿನಲ್ಲಿದ್ದ ಗುಳಿಗೆಯನ್ನು ನಾನು ದೊಡ್ಡ ಡಾಕ್ಟರ ಮೇಜಿನ ಮೇಲೆ ಇಟ್ಟೆ.

‘ಸರ್, ಇನ್ನ ಮ್ಯಾಲೆ ದೊಡ್ಡ ಅಕ್ಷರದಾಗ ಬಿಡಿಸಿ ಬರಿಯೋಣ.’

‘ಅಂಗಡ್ಯಾವ ಓದಾಕ ಬರದಿದ್ರ ನಾ ಏನ ಮಾಡ್ಲಿ? ಇಷ್ಟ ವರ್ಷ ಹಿಂಗ ಬರದೀನಿ.’

‘ಇಷ್ಟ ವರ್ಷ ರಸೂಲ್‌ಸಾಬ ಓದ್ಯಾನ್ರಿ. ವಿಜಯಪುರದಾಗ ರಸೂಲ್‌ಸಾಬ ಇಲ್ಲ.’

ಅವರ ಮುಖ ಕೆಂಪಾಯಿತು. ‘ನೀನೇನ ಸಾಲಿ ಹುಡುಗಿ ಏನವಾ, ಕಾಪಿ ಬರಿಯಾಕ?’ ಎಂದರು. ಹೌದು ಎಂದೆ. ಮರುದಿನದಿಂದ ನಾನು ಪ್ರತಿ ಔಷಧದ ಹೆಸರನ್ನೂ ಬಿಡಿಬಿಡಿ ದೊಡ್ಡ ಅಕ್ಷರಗಳಲ್ಲಿ ಬರೆದೆ. ಅದರ ಕೆಳಗೆ ಯಾವಾಗ ನುಂಗಬೇಕು, ಎಷ್ಟು ನುಂಗಬೇಕು ಎಂದು ಕನ್ನಡದಲ್ಲೋ ಮರಾಠಿಯಲ್ಲೋ, ರೋಗಿಗೆ ಯಾವುದು ಬರುತ್ತದೋ ಅದರಲ್ಲಿ ಬರೆದೆ. ಜೊತೆಯ ಡಾಕ್ಟರುಗಳು ನನ್ನ ಕೋಣೆಗೆ ‘ಬಾಲವಾಡಿ’ ಎಂದು ಹೆಸರಿಟ್ಟರು. ಒಬ್ಬ ರೋಗಿಗೆ ನಾನು ತೆಗೆದುಕೊಳ್ಳುವ ಹೊತ್ತಿನಲ್ಲಿ ಅವರು ಮೂವರನ್ನು ನೋಡಿ ಮುಗಿಸುತ್ತಿದ್ದರು. ಮುಗಿಸಲಿ ಎಂದು ಬಿಟ್ಟೆ. ದೊಡ್ಡ ಡಾಕ್ಟರು ಕೊನೆಯವರೆಗೂ ತಮ್ಮ ಅಕ್ಷರ ಬದಲಿಸಲಿಲ್ಲ, ನಾನು ನನ್ನದನ್ನು ಬಿಡಲಿಲ್ಲ.

ಅವರು ತೀರಿಕೊಂಡ ಮೇಲೆ ಆಡಳಿತ ಅವರ ಅಳಿಯ ಸುಧಾಕರರ ಕೈಗೆ ಬಂತು. ಅವರು ಡಾಕ್ಟರಲ್ಲ. ಪುಣೆಯಲ್ಲಿ ದೊಡ್ಡ ಆಸ್ಪತ್ರೆಗಳ ಆಡಳಿತ ನೋಡಿ ಬಂದವರು. ಬಂದ ಹೊಸದರಲ್ಲೇ ಪ್ರತಿ ಕೋಣೆಗೂ ಒಂದು ಕಂಪ್ಯೂಟರ್ ತರಿಸಿದರು. ನಾವು ಪರದೆಯ ಮೇಲೆ ಔಷಧ ಆರಿಸಿ ಒತ್ತಿದರೆ ಅದು ಆಸ್ಪತ್ರೆಯ ಒಳಗಿನ ಔಷಧದ ಅಂಗಡಿಯಲ್ಲಿ ಕಾಣುತ್ತದೆ. ರೋಗಿಯ ಮೊಬೈಲಿಗೆ ಒಂದು ನಂಬರ್ ಬರುತ್ತದೆ. ಆ ನಂಬರ್ ಹೇಳಿದರೆ ಔಷಧ.

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ ಎಂದರೆ ನಂಬಬೇಕು. ಇನ್ನು ಮೇಲೆ ಯಾರ ಅಕ್ಷರವನ್ನೂ ಯಾರೂ ಅಂದಾಜು ಮಾಡಬೇಕಿಲ್ಲ, ಯಾವ ಮಾಸ್ತರೂ ಬಸ್ಸಿನಲ್ಲಿ ಕುಸಿಯಬೇಕಿಲ್ಲ. ಜೊತೆಯವರಿಗಿಂತ ಮೊದಲು ನಾನೇ ಕಲಿತೆ. ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದೆ, ಆದರೆ ಕುಟ್ಟುತ್ತಿದ್ದೆ.

ಶಾಂತವ್ವನ ಪ್ರಕರಣ ಆದದ್ದು ಆ ಹೊಸದರಲ್ಲೇ. ಶಾಂತವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಸಂಸಾರ ನಡೆಸುತ್ತಿದ್ದಳು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗುತ್ತಿದ್ದವು. ಅದಕ್ಕೆ ಕೊಡುವ ಒಂದು ಗುಳಿಗೆ ಇದೆ. ವಾರಕ್ಕೊಮ್ಮೆ ತೆಗೆದುಕೊಂಡರೆ ಔಷಧ, ದಿನಾಲೂ ತೆಗೆದುಕೊಂಡರೆ ವಿಷ. ನಾನು ಅವಳ ಚೀಟಿಯಲ್ಲಿ ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಅವಳು ಸೋಮವಾರ ಗುಡಿಗೆ ಹೋಗಿ ಬಂದು ಅದನ್ನು ನುಂಗುತ್ತಿದ್ದಳು. ವರ್ಷಗಟ್ಟಲೆ ಚೆನ್ನಾಗಿಯೇ ನಡೆದಿತ್ತು.

ಕಂಪ್ಯೂಟರಿಗೆ ಸೇರಿಸಬೇಕೆಂದು ರೋಗಿಗಳ ಬಳಿ ಇದ್ದ ಹಳೆಯ ಚೀಟಿಗಳನ್ನೆಲ್ಲ ಆಸ್ಪತ್ರೆಯವರು ಒಳಗೆ ತೆಗೆದುಕೊಂಡರು. ಆ ವಾರ ನಾನು ತಂಗಿಯ ಮಗಳ ಬಾಣಂತನಕ್ಕೆ ಸೊಲ್ಲಾಪುರಕ್ಕೆ ಹೋಗಿದ್ದೆ. ಶಾಂತವ್ವನನ್ನು ನೋಡಿದವರು ಡಾಕ್ಟರ್ ನಿಖಿಲ್, ಆಗಷ್ಟೇ ಕೆಲಸಕ್ಕೆ ಸೇರಿದ್ದ ತರುಣ. ಔಷಧವನ್ನು ಸರಿಯಾಗಿಯೇ ಆರಿಸಿದರು. ಆದರೆ ಯಾವ ಗುಳಿಗೆ ಆರಿಸಿದರೂ ‘ದಿನಕ್ಕೊಂದು’ ಎಂದು ಯಂತ್ರ ತಾನಾಗಿಯೇ ತುಂಬಿಕೊಳ್ಳುತ್ತಿತ್ತು. ಹೊರಗೆ ರೋಗಿಗಳ ದೊಡ್ಡ ಪಾಳಿ ಇತ್ತು. ಅವರು ಅದನ್ನು ಬದಲಿಸದೆ ಒತ್ತಿದರು.

ನಾನು ತಿರುಗಿ ಬಂದಾಗ ಶಾಂತವ್ವ ಗಂಡನ ಹೆಗಲಿಗೆ ಒರಗಿ ಬಂದಳು. ಬಾಯಿಯ ತುಂಬ ಹುಣ್ಣು, ಮೈ ಕೆಂಡದಂಥ ಜ್ವರ. ಮಾತೇ ಹೊರಡುತ್ತಿರಲಿಲ್ಲ. ಗುಳಿಗೆಯ ಪಟ್ಟಿ ಇಸಿದುಕೊಂಡು ಎಷ್ಟು ಖಾಲಿಯಾಗಿವೆ ಎಂದು ಎಣಿಸಿದೆ.

‘ದಿನಾ ನುಂಗೀಯೇನ?’

ತಲೆಯಾಡಿಸಿದಳು. ಗಂಡ ಹೇಳಿದ, ‘ಇಕಿ ಅಂಗಡ್ಯಾಗ ಕೇಳಿದಳ್ರಿ, ಇದು ಸೋಮವಾರದ್ದಲ್ಲೇನ್ರಿ ಅಂತ. ಕಂಪ್ಯೂಟರದಾಗ ದಿನಾ ಅಂತ ಬಂದೈತಿ ಅಂದ್ರು. ರೋಗ ಜಾಸ್ತಿ ಆಗಿರಬೇಕು ಅಂತ ತಿಳಕೊಂಡ್ವಿ.’

ನಮ್ಮ ಗಾಡಿಯಲ್ಲೇ ಅವಳನ್ನು ಸಾಂಗಲಿಗೆ ಕಳಿಸಿದೆವು. ರಕ್ತದ ಕಣಗಳು ಬಹಳ ಇಳಿದಿದ್ದವು. ಬದುಕಿದಳು, ಆದರೆ ಬದುಕುವ ಮೊದಲು ಸಾವನ್ನು ಹತ್ತಿರದಿಂದ ನೋಡಿ ಬಂದಳು. ನಿಖಿಲ್ ನನ್ನ ಕೋಣೆಯಲ್ಲಿ ಕುಳಿತು ಅತ್ತರು. ಅಳುವುದು ಮುಗಿದ ಮೇಲೆ, ನಾವಿಬ್ಬರೂ ಹೋಗಿ ಅವಳಿಗೆ ನಡೆದದ್ದನ್ನು ಹೇಳೋಣ ಎಂದೆ. ಸುಧಾಕರರಿಗೆ ಅದು ಹೇಗೋ ತಿಳಿಯಿತು.

‘ಏನೂ ಹೇಳಬ್ಯಾಡ್ರಿ. ಸಾಫ್ಟ್‌ವೇರದ ತಾಂತ್ರಿಕ ಅಡಚಣ ಅಂತ ಹೇಳಿದ್ರ ಸಾಕು.’

‘ಅಡಚಣ ಯಂತ್ರಕ್ಕ ಆಗಿಲ್ರಿ, ಆಕಿಗಿ ಆಗೇತಿ’ ಎಂದು ಎದ್ದೆ.

ಸಾಂಗಲಿಯ ಆಸ್ಪತ್ರೆಯಲ್ಲಿ ಶಾಂತವ್ವನ ಗಂಡ ನಮ್ಮ ಮಾತನ್ನು ತಲೆ ಬಗ್ಗಿಸಿ ಕೇಳಿದ. ‘ಅಂದ್ರ, ಯಂತ್ರ ತಪ್ಪ ಮಾಡತೈತೇನ್ರಿ ಬಾಯಾರ?’ ಎಂದ.

‘ಯಂತ್ರ ಅಲ್ಲಪ್ಪ. ನಾವ ಮಾಡೀವಿ.’

ನಿಖಿಲ್ ತಮ್ಮ ಹೆಸರನ್ನು ತಾವೇ ಹೇಳಿಕೊಂಡರು. ಆ ಮನುಷ್ಯ ಬೈದ. ಬೈಸಿಕೊಂಡೆವು. ಶಾಂತವ್ವ ಮಾತ್ರ ಹಾಸಿಗೆಯಿಂದ ಒಂದೇ ಮಾತು ಕೇಳಿದಳು. ‘ನನ್ನ ಚೀಟಿ ನನ್ನ ಕಡೇನ ಇದ್ದಿದ್ರ ನಾ ಅಂಗಡಿಯವ್ರಿಗಿ ತೋರಸ್ತಿದ್ನೆಲ್ರಿ? ಅದನ್ಯಾಕ ತಗೊಂಡ್ರಿ?’

ತಿರುಗಿ ಬಂದು ಯಂತ್ರದಲ್ಲಿ ತಾನಾಗಿ ತುಂಬಿಕೊಳ್ಳುವುದನ್ನು ತೆಗೆಸಿದೆವು. ಆದರೆ ನನಗೆ ಅಷ್ಟು ಸಾಕಾಗಲಿಲ್ಲ. ಕಂಪ್ಯೂಟರಿನಲ್ಲಿ ಕಳಿಸಿದ ಮೇಲೆ ಅದನ್ನೇ ಒಂದು ಕಾಗದದ ಮೇಲೆ ಬರೆದು ರೋಗಿಯ ಕೈಗೆ ಕೊಡತೊಡಗಿದೆ. ಡಾಕ್ಟರು ಏನು ಹೇಳಿದರು ಎಂಬುದು ಡಾಕ್ಟರಿಗೂ ಅಂಗಡಿಗೂ ಗೊತ್ತಿದ್ದು, ನುಂಗುವವರಿಗೆ ಮಾತ್ರ ಗೊತ್ತಿಲ್ಲ ಎಂದರೆ ಅದೆಂಥ ವ್ಯವಸ್ಥೆ?

ಸ್ವಲ್ಪ ದಿನಕ್ಕೇ ಸುಧಾಕರರ ಆದೇಶ ಬಂತು. ಇನ್ನು ಮುಂದೆ ಯಾವ ಡಾಕ್ಟರೂ ಕಾಗದದ ಚೀಟಿ ಕೊಡುವಂತಿಲ್ಲ. ಕಾಗದ ಕೊಟ್ಟರೆ ಗೊಂದಲವಾಗುತ್ತದೆ ಎಂಬುದು ಕಾರಣ. ಉಳಿದವರು ಒಪ್ಪಿದರು. ಹಿರಿಯಳು ಹಠಮಾರಿ ಎನ್ನಿಸಿಕೊಳ್ಳಬಾರದೆಂದು ನಾನೂ, ನೋಡೋಣ ಎಂದು ಪೆನ್ನು ಒಳಗಿಟ್ಟೆ.

ತಿಕೋಂಡಿಯ ಭಾಗವ್ವ ಹದಿಹರೆಯದ ಹುಡುಗಿ. ಮೂರ್ಛೆ ರೋಗಕ್ಕೆ ನನ್ನ ಹತ್ತಿರ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಆ ಗುಳಿಗೆ ಒಂದು ದಿನವೂ ತಪ್ಪಬಾರದು. ತಪ್ಪದೆ ನುಂಗಿದ್ದಕ್ಕೇ ಅವಳಿಗೆ ಬಹಳ ಕಾಲ ಸೆಳವು ಬಂದಿರಲಿಲ್ಲ. ಅಪ್ಪ ಮಾಳಪ್ಪ ಕುರಿ ಸಾಕಿದವನು. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ವಿಜಯಪುರದ ಕಡೆ ಹೋದರೆ ತಿಂಗಳುಗಟ್ಟಲೆ ಹೊಲಗಳಲ್ಲೇ ಬಿಡಾರ. ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲು, ಅದು ಅವನ ಜೇಬಿನಲ್ಲಿ.

ಗುಳಿಗೆ ತೀರುವ ಮೊದಲೇ ಭಾಗವ್ವ ತಾಯಿಯ ಜೊತೆ ಬಂದಳು. ನಾನು ನೋಡಿ, ಔಷಧ ಕಳಿಸಿ, ಹೋಗಿ ತೆಗೆದುಕೊಳ್ಳಿ ಎಂದೆ. ಅವರು ಒಳಗಿನ ಅಂಗಡಿಗೆ ಹೋದರು. ನಂಬರ್ ಕೇಳಿದರು. ನಂಬರ್ ಬಂದ ಮೊಬೈಲು ಮಾಳಪ್ಪನ ಬಳಿ, ಮಾಳಪ್ಪ ಎಲ್ಲೋ ಸಿಗ್ನಲ್ ಇಲ್ಲದ ಹೊಲದಲ್ಲಿ. ಫೋನು ಹತ್ತಲಿಲ್ಲ. ನಂಬರ್ ತೆಗೆದುಕೊಂಡು ಬನ್ನಿ ಎಂದು ಕಳಿಸಿದರು. ನನ್ನ ಬಾಗಿಲಲ್ಲಿ ಪಾಳಿ ಇತ್ತು. ಆ ತಾಯಿ ಮತ್ತೆ ಒಳಗೆ ಬರಲು ಸಂಕೋಚಪಟ್ಟು, ಬಸ್ಸು ತಪ್ಪೀತೆಂದು ಊರಿಗೆ ಹೊರಟಳು. ಅತ್ತ ಮಾಳಪ್ಪ, ಸಿಗ್ನಲ್ ಸಿಕ್ಕ ಮೇಲೆ ಮೊಬೈಲಿಗೆ ಬಂದ ಸಂದೇಶ ಕಂಡು ವಿಜಯಪುರದ ಅಂಗಡಿಗೆ ಹೋಗಿ ತೋರಿಸಿದ. ಇದು ನಮ್ಮಲ್ಲಿ ತೆರೆಯುವುದಿಲ್ಲ, ಔಷಧದ ಹೆಸರಿರುವ ಚೀಟಿ ಇದೆಯೇ ಎಂದು ಅವರು ಕೇಳಿದರು. ಚೀಟಿ ಎಲ್ಲಿಂದ ಬರಬೇಕು? ಒಂದೇ ಮನೆಯವರು ಗಡಿಯ ಎರಡೂ ಕಡೆ ಎರಡು ಅಂಗಡಿಗಳ ಮುಂದೆ ನಿಂತು ಬರಿಗೈಯಲ್ಲಿ ತಿರುಗಿದರು.

ಗುಳಿಗೆ ತೀರಿತು. ಭಾಗವ್ವ ಒಲೆಯ ಮುಂದೆ ಕುಳಿತಿದ್ದಾಗ ಸೆಳವು ಬಂತು. ಬಲಗೈ ಒಲೆಗೆ ಬಿತ್ತು.

ಸುಟ್ಟ ಕೈಗೆ ಪಟ್ಟಿ ಕಟ್ಟುವಾಗ ಆ ಹುಡುಗಿ ಅಳಲಿಲ್ಲ. ‘ಬಾಯಾರ, ನಾ ಗುಳಗಿ ತಪ್ಪಸಿಲ್ರಿ. ಅವರ ಕೊಡಲಿಲ್ಲ’ ಎಂದು ಮತ್ತೆ ಮತ್ತೆ ಹೇಳಿದಳು. ನಾನು ಬೈದೇನೆಂದು ಅವಳಿಗೆ ಭಯ. ಕೈ ತೊಳೆದುಕೊಂಡು ನಾನು ನೇರ ಸುಧಾಕರರ ಕೋಣೆಗೆ ಹೋದೆ.

‘ಕುಂದ್ರಿ ಬಾಯಾರ’ ಎಂದರು. ನಾನು ಕೂರಲಿಲ್ಲ.

‘ಇವತ್ತಿನಿಂದ ನನ್ನ ಪ್ರತಿ ಪೇಶಂಟಿಗೂ ಚೀಟಿ ಕೈಯಾಗ ಕೊಡ್ತೀನಿ. ಹೇಳಿ ಹೋಗೂಣು ಅಂತ ಬಂದೆ.’

‘ಆದೇಶ ಐತೆಲ್ರಿ?’

‘ಐತಿ. ಮುರೀತೀನಿ.’

ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. ‘ಬಾಯಾರ, ನಿಮಗ ತಿಳಿಯೂದಿಲ್ಲ. ಚೀಟಿ ಕೈಯಾಗ ಕೊಟ್ರ ಅವರು ಬಸ್‌ಸ್ಟ್ಯಾಂಡಿನ ಅಂಗಡಿಗಿ ಹೋಗ್ತಾರ. ನಮ್ಮ ಅಂಗಡಿ ಹೆಂಗ ನಡೀಬೇಕು?’

ಗೊಂದಲ, ಗೊಂದಲ ಎಂದಿದ್ದರ ಒಳಗಿನ ತಿರುಳು ಅದು. ಅವರೇ ಬಾಯಿಬಿಟ್ಟು ಹೇಳಿದ್ದು ಒಳ್ಳೆಯದೇ ಆಯಿತು.

‘ಹೋಗ್ಲಿ ಬಿಡ್ರಿ. ಕಾಲು ಅವರವು’ ಎಂದೆ.

‘ನಾಳೆ ಕಾಯ್ದೇನ ಬರತೈತಿ. ಆವಾಗ ಏನ ಮಾಡ್ತೀರಿ?’

‘ಬರ್ಲಿ. ಕೂಡೇ ಓದೂಣು. ಅದರಾಗ ನಿಮ್ಮ ಅಂಗಡಿ ಹೆಸರ ಇದ್ರ ನನಗ ತೋರಸ್ರಿ.’

ಮರುದಿನ ಕಂಪ್ಯೂಟರ್ ತೆರೆದರೆ ನನ್ನ ಪಾಸ್‌ವರ್ಡ್ ನಡೆಯಲಿಲ್ಲ. ಆ ಯಂತ್ರದ ಲೆಕ್ಕದಲ್ಲಿ ನಾನು ಡಾಕ್ಟರಾಗಿ ಉಳಿದಿರಲಿಲ್ಲ. ಸರಿ, ಪೆನ್ನು ತೆಗೆದೆ. ಒಳಗಿನ ಅಂಗಡಿಯವರಿಗೆ ನನ್ನ ಚೀಟಿ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು. ಜನ ರಸೂಲ್‌ಸಾಬನ ಅಂಗಡಿಗೆ ಹೋದರು, ಕೆಲವರು ಉಮದಿಗೆ, ಕೆಲವರು ವಿಜಯಪುರದ ಬಸ್ಸು ಹಿಡಿದು ಹೋದರು. ನನ್ನ ಪಾಳಿ ಮಾತ್ರ ಕರಗಲಿಲ್ಲ. ಪಕ್ಕದ ಕೋಣೆಯಲ್ಲಿ ನಿಖಿಲ್ ಕಂಪ್ಯೂಟರಿನಲ್ಲಿ ಕಳಿಸಿ, ಜೊತೆಗೆ ಕಾಗದವನ್ನೂ ಬರೆದು ಕೊಡತೊಡಗಿದರು. ನಾನು ಅವರಿಗೆ ಹೇಳಿರಲಿಲ್ಲ. ‘ನಿಮ್ಮ ನೌಕರಿ ಹೊಸದು, ಹುಷಾರು’ ಎಂದರೆ, ‘ಮೇಡಂ, ಶಾಂತವ್ವ ನನ್ನ ಪೇಶಂಟ್’ ಎಂದಷ್ಟೇ ಹೇಳಿ ಒಳಗೆ ಹೋದರು.

ಟ್ರಸ್ಟಿಗಳ ಸಭೆಗೆ ನನ್ನನ್ನು ಕರೆದರು. ಕ್ಷಮೆ ಕೇಳಿ ಬರೆದ ಒಂದು ಕಾಗದ ಟೈಪಾಗಿ ಮೇಜಿನ ಮೇಲೆ ಸಿದ್ಧವಿತ್ತು. ಸಹಿ ಮಾಡಿದರೆ ಎಲ್ಲ ಮುಗಿಯುತ್ತದೆ ಎಂದರು ಒಬ್ಬ ಹಿರಿಯರು. ಅವರ ಮನೆಯ ಹೆರಿಗೆಗಳನ್ನೆಲ್ಲ ಮಾಡಿಸಿದವಳು ನಾನೇ. ದನಿಯಲ್ಲಿ ಪ್ರೀತಿಯೂ ಇತ್ತು.

‘ಒಂದ ಸಹಿ ಅಷ್ಟ ಬಾಯಾರ. ಯಾಕ ಹಟ?’

ನಾನು ಕಾಗದವನ್ನು ಅವರ ಕಡೆಗೇ ಸರಿಸಿದೆ. ‘ಅಣ್ಣಾರ, ತಿಕೋಂಡಿಗಿ ಬರ್ರಿ. ಆ ಹುಡುಗಿ ಕೈ ನೋಡ್ರಿ. ನೋಡಿದ ಮ್ಯಾಲೆ ನೀವು ಹೇಳಿದಲ್ಲಿ ಸಹಿ ಮಾಡ್ತೀನಿ.’

ಅವರು ನಿಜವಾಗಿಯೂ ಹೋಗಿ ಬಂದರು. ಮುಂದಿನ ಸಭೆಯಲ್ಲಿ ಆ ಕ್ಷಮೆಯ ಕಾಗದದ ಸುದ್ದಿಯೇ ಬರಲಿಲ್ಲ. ಪ್ರತಿ ಕೋಣೆಗೂ ಒಂದು ಪ್ರಿಂಟರ್ ಬಂತು. ಕಂಪ್ಯೂಟರಿನಲ್ಲಿ ಕಳಿಸಿದ್ದು ಕಾಗದದ ಮೇಲೆ ಅಚ್ಚಾಗಿ ರೋಗಿಯ ಕೈಗೂ ಹೋಗಬೇಕು, ಔಷಧ ಎಲ್ಲಿ ಕೊಳ್ಳಬೇಕೆಂಬುದು ಅವರ ಇಷ್ಟ ಎಂದಾಯಿತು. ಮೊಬೈಲ್ ಇಲ್ಲದವರಿಗೆ ನಂಬರಿನ ಕಾಟ ತಪ್ಪಿತು. ನನ್ನ ಪಾಸ್‌ವರ್ಡ್ ತಿರುಗಿ ಬಂತು. ಅಚ್ಚಾಗಿ ಬರುತ್ತಿದ್ದದ್ದು ಬರಿ ಇಂಗ್ಲಿಷು. ಅದರ ಕೆಳಗೆ ಕನ್ನಡ, ಮರಾಠಿ ಬರೆಯುವುದನ್ನು ನಾನು ನೌಕರಿಯ ಕೊನೆಯ ದಿನದವರೆಗೂ ನಿಲ್ಲಿಸಲಿಲ್ಲ. ಸುಧಾಕರರು ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ಬೀಳ್ಕೊಡುವ ದಿನ ಶಾಲು ಹೊದಿಸುವಾಗಲೂ ಅವರ ಕಣ್ಣು ಫೋಟೋ ತೆಗೆಯುವವನ ಕಡೆಗೇ ಇತ್ತು. ಶಾಲು ಬೆಚ್ಚಗಿದೆ, ಹೊದೆಯುತ್ತೇನೆ.

ಭಾಗವ್ವನ ಬೆರಳುಗಳಲ್ಲಿ ಎರಡು ಇಂದಿಗೂ ಪೂರ್ತಿ ಮಡಚುವುದಿಲ್ಲ. ನಾನು ಗೆದ್ದೆ ಎಂದು ಯಾರಾದರೂ ಹೇಳಿದಾಗ ನನಗೆ ಆ ಎರಡು ಬೆರಳು ಕಾಣುತ್ತವೆ. ಆದ್ದರಿಂದ ಹೊಸದಾಗಿ ಡಾಕ್ಟರಾಗಿ ಬರುವ ನಿಮಗೆ ಹೇಳುವುದು ಇಷ್ಟೇ. ಕಂಪ್ಯೂಟರ್ ಬಳಸಿ, ಚೆನ್ನಾಗಿ ಬಳಸಿ. ಕೈಬರಹಕ್ಕೆ ಅಳಬೇಡಿ, ಅದು ಕೊಂದ ಜನರೂ ಇದ್ದಾರೆ. ಆದರೆ ಇದು ಕಾಯ್ದೆ, ಇದು ಆದೇಶ ಎಂದು ಯಾರಾದರೂ ನಿಮ್ಮ ಮುಂದೆ ತಂದಿಟ್ಟಾಗ, ಇದರಿಂದ ರೋಗಿಗೆ ಏನು ತಿಳಿಯುತ್ತದೆ, ಏನು ತಿಳಿಯದಂತಾಗುತ್ತದೆ ಎಂದು ಕೇಳಿ. ಉತ್ತರ ಸಿಗುವವರೆಗೆ ಕೇಳಿ. ನೌಕರಿ ಹೋದೀತೆಂಬ ಭಯ ನನಗೂ ಇತ್ತು. ಭಯ ಇಟ್ಟುಕೊಂಡೇ ಕೇಳಬಹುದು, ಅದಕ್ಕೇನೂ ಅಡ್ಡಿಯಿಲ್ಲ.

ಈಚೆಗೆ ನನಗೇ ರಕ್ತದೊತ್ತಡ ಶುರುವಾಗಿದೆ. ಅದೇ ಆಸ್ಪತ್ರೆಗೆ ಹೋದೆ. ನಿಖಿಲ್ ಊರಲ್ಲಿರಲಿಲ್ಲ. ನನ್ನ ಹಳೆಯ ಕೋಣೆಯಲ್ಲಿ ಒಬ್ಬ ಹೊಸ ಡಾಕ್ಟರ್ ಹುಡುಗಿ. ಆಕೆಗೆ ನಾನು ಯಾರೆಂದು ಗೊತ್ತಿಲ್ಲ, ನಾನೂ ಹೇಳಲಿಲ್ಲ. ಚೆನ್ನಾಗಿಯೇ ಪರೀಕ್ಷೆ ಮಾಡಿದಳು. ಪರದೆಯ ಮೇಲೆ ಏನೋ ಒತ್ತಿ, ‘ಆಯ್ತು ಆಜಿ, ಹೋಗೇತಿ’ ಎಂದಳು.

‘ಎಲ್ಲಿಗಿ ಹೋಗೇತಿ?’

‘ಅಂಗಡಿಗಿ.’

‘ನನ್ನ ಕೈಯಾಗ ಏನೂ ಬರಲಿಲ್ಲಲ್ಲವಾ?’

‘ಪ್ರಿಂಟರ್ ಬಂದ್ ಐತ್ರಿ, ಭಾಳ ದಿನ ಆತು. ಈಗ ಯಾರೂ ಕೇಳೂದಿಲ್ಲ.’

ಮುಂದಿನವರನ್ನು ಕರೆಯಲು ಆಕೆ ಗಂಟೆ ಒತ್ತಿದಳು. ನಾನು ಕುರ್ಚಿಯಿಂದ ಏಳಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸರಿಯಾಗಿ ಕುಳಿತೆ.

‘ಆಜಿ, ಹೊರಗ ಪಾಳಿ ಐತ್ರಿ.’

‘ಐತಿ ಬಿಡವಾ. ಒಂದ ಕಾಗದ ತಗೋ, ಬರಿ. ಅವಸರ ಇಲ್ಲ.’

ಗಂಟೆಯ ಸದ್ದಿಗೆ ಒಳಗೆ ಬಂದಿದ್ದ ಹೆಂಗಸು, ಸೊಂಟದ ಮೇಲೆ ಕೂಸು, ಬಾಗಿಲ ಬಳಿಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿದಳು. ಆಮೇಲೆ ಪಕ್ಕದ ಸ್ಟೂಲು ಎಳೆದುಕೊಂಡು ಕುಳಿತಳು.

‘ಆಜೀದು ಮುಗೀಲಿ’ ಎಂದಳು. ‘ಆಮ್ಯಾಲೆ ನನ್ನ ಕೂಸಿಂದೂ ಕಾಗದದ ಮ್ಯಾಲ ಬರದ ಕೊಡ್ರಿ.’